ಮೊದಲ ಗಾಡಿ ಏರುವ ಮುಂಚೆ

"ಕೈ ತಗೀರಿ! ಮೊದಲ ಆ ಮಶೀನಿಂದ ಕೈ ತಗೀರಿ!"

ಬಾಗಿಲಲ್ಲಿ ನಿಂತ ಅನ್ನಪೂರ್ಣಾಳ ಕಣ್ಣು ಕೆಂಪಗಾಗಿತ್ತು. ಯರಗಟ್ಟಿಯ ಬೆಳಗಾವಿ ರಸ್ತೆಯಲ್ಲಿ ಅವಳ ಅಪ್ಪ ದುಂಡಪ್ಪನ ಕಾಟಾ ಇತ್ತು. ಲಾರಿ, ಟ್ರ್ಯಾಕ್ಟರುಗಳನ್ನು ಮಾಲಿನ ಸಮೇತ ತೂಗುವ ದೊಡ್ಡ ಕಾಟಾ. ಅಪ್ಪನಿಗೆ ಮಂಡಿನೋವು ಬಂದಾಗಿನಿಂದ ಅವಳೇ ನೋಡಿಕೊಳ್ಳುತ್ತಿದ್ದಳು. ಈಗ ನೋಡಿದರೆ, ಅದರ ಕಂಪ್ಯೂಟರಿನ ಮುಂದೆ ಯಾರೋ ಒಬ್ಬ ಆರಾಮಾಗಿ ಕುಳಿತಿದ್ದಾನೆ!

ಅವನು ಎರಡೂ ಕೈ ಮೇಲೆತ್ತಿದ.

"ತಗದೇನ್ರಿ. ನಾ ಕಾಂತೇಶ. ಸವದತ್ತಿಯೊಳಗ ಕಂಪ್ಯೂಟರ್ ರಿಪೇರಿ ಮಾಡ್ತೇನಿ. ನಡುನಡುವ ಗಪ್ಪನ ನಿಂತ್ ಬಿಡತೈತಿ ಅಂತ ನಿಮ್ಮಪ್ಪಾರು ಫೋನ್ ಮಾಡಿದ್ರು."

"ನನಗ ಯಾಕ ಹೇಳಿಲ್ಲ?"

"ಅದನ್ನ ಅವರನ್ನ ಕೇಳ್ರಿ... ನನಗ ಯಾಕ ಬೈತೀರಿ?"

ಅವಳಿಗೆ ನಗು ಬಂತು, ಆದರೆ ನಗಲಿಲ್ಲ. ಬೈಲಹೊಂಗಲದಲ್ಲಿ ಬಿಸಿಎ ಓದಿದವಳು. ಅಷ್ಟು ಸುಲಭಕ್ಕೆ ಯಾರನ್ನೂ ನಂಬುವ ಪೈಕಿ ಅಲ್ಲ. ಸ್ಟೂಲು ಎಳೆದುಕೊಂಡು ಕುಳಿತು ಅವನ ಬೆರಳುಗಳ ಮೇಲೇ ಕಣ್ಣಿಟ್ಟಳು. ಬೆರಳು ಬಿಟ್ಟು ಮುಖ ಯಾವಾಗ ನೋಡತೊಡಗಿದಳೋ, ಪಾಪ, ಅವಳಿಗೇ ಗೊತ್ತಾಗಲಿಲ್ಲ!

ಆಮೇಲೆ ಮಶೀನು ಒಮ್ಮೆಯೂ ನಿಲ್ಲಲಿಲ್ಲ. ಆದರೂ ಕಾಂತೇಶ "ಸುಮ್ಮ ನೋಡಿ ಹೋಗೂಣು ಅಂತ ಬಂದೆ" ಎನ್ನುತ್ತ ಬರುತ್ತಲೇ ಇದ್ದ. ಏನೂ ಕೆಟ್ಟಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಚಹಾ ಮಾತ್ರ ತಪ್ಪದೆ ಎರಡು ಕಪ್ಪು ಬರುತ್ತಿತ್ತು.

ಒಂದು ಸಂಜೆ, ಹತ್ತಿ ತೂಗಿಸಲು ಬಂದ ರಾಯವ್ವ ಅವನ ಬೈಕು ಹೋದ ದಿಕ್ಕನ್ನೇ ನೋಡುತ್ತ ಕೇಳಿದಳು.

"ಇಂವ ಮನೋಳಿ ಕಾಡಪ್ಪನ ಅಕ್ಕನ ಮಗಾ ಅಲ್ಲೇನವಾ? ಇಲ್ಲೇನ್ ಕೆಲಸ ಇವಂದು?"

ಅನ್ನಪೂರ್ಣಾ ಬರೆಯುತ್ತಿದ್ದ ಚೀಟಿ ಬಿಟ್ಟು ರಸ್ತೆಯತ್ತ ತಿರುಗಿದಳು. ಕಾಡಪ್ಪ! ಮನೋಳಿ ರಸ್ತೆಯಲ್ಲಿ ಹೊಸ ಕಾಟಾ ಹಾಕಿ, ದುಂಡಪ್ಪನ ತೂಕ ಖೊಟ್ಟಿ, ಬರೀ ಮೋಸ ಎಂದು ಊರೂರಿಗೆ ಹಬ್ಬಿಸುತ್ತಿರುವ ಕಾಡಪ್ಪ! ತೂಕದ ಮೇಲಿನ ನಂಬಿಕೆ ಒಮ್ಮೆ ಹೋದರೆ ಒಂದು ಗಾಡಿಯೂ ಇತ್ತ ತಿರುಗುವುದಿಲ್ಲ. ಅಪ್ಪ ಜೀವಮಾನವಿಡೀ ಉಳಿಸಿಕೊಂಡ ಹೆಸರು ಮಣ್ಣುಪಾಲು.

'ನನಗ ಯಾಕ ಹೇಳಲಿಲ್ಲ ಇಂವ? ನಗಿಸ್ಕೋತ ಕುಂತು ಒಳಗ ಏನ್ ಇಟ್ಟು ಹೋದ?'

ಮರುದಿನ ಬೆಳಿಗ್ಗೆ ಮಶೀನು ಚಾಲೂ ಮಾಡಿ, ಪರದೆಯ ಮೇಲೆ ಓಡುವ ಸಾಲುಗಳನ್ನು ಕಣ್ಣು ಮಿಟುಕಿಸದೆ ನೋಡಿದಳು. ಶುರುವಿನಲ್ಲೇ ಸಿಕ್ಕಿತು... 'ಮೈಕ್ರೋಕೋಡ್ ಅಪ್‌ಡೇಟೆಡ್ ಅರ್ಲಿ.' ಆಪರೇಟಿಂಗ್ ಸಿಸ್ಟಮ್ ಇನ್ನೂ ಪೂರ್ತಿ ಎದ್ದೇ ಇಲ್ಲ, ಅಷ್ಟರಲ್ಲಿ ಏನೋ ಇಳಿದು, ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಒಳಸೂಚನೆಗಳನ್ನೇ ಬದಲಿಸಿದೆ! ಮೊದಲು ಈ ಸಾಲು ಇರಲಿಲ್ಲ. ಬೂಟ್ ಆಗುವಾಗ ತೆರೆಯುವ ಫೈಲುಗಳನ್ನು ಹುಡುಕಿದಳು. ಎಲ್ಲಕ್ಕಿಂತ ಮುಂದೆ ಒಂದು ಹೊಸ ಫೈಲು, ಅವನು ಮೊದಲ ಸಲ ಬಂದ ದಿನದ ತಾರೀಖಿನದು.

ಅವರ ಕಾಟಾದಲ್ಲಿ ಒಂದು ಪದ್ಧತಿ. ದಿನಾ ಮೊದಲ ಗಾಡಿ ಏರುವ ಮುಂಚೆ, ರೈತರ ಕಣ್ಣೆದುರೇ ತೂಕದ ಕಲ್ಲುಗಳನ್ನಿಟ್ಟು ಕಾಟಾ ಸರಿಯಿದೆ ಎಂದು ತೋರಿಸಬೇಕು. ಅವತ್ತೂ ಇಟ್ಟಳು. ತೂಕ ಚೂರೂ ತಪ್ಪಿರಲಿಲ್ಲ. ಅನುಮಾನ ಮಾತ್ರ ಹೋಗಲಿಲ್ಲ.

'ಇವತ್ತ ಸರಿ ತೋರಿಸಿ, ನಾಳೆ ಕೈ ಕೊಟ್ರ?'

ಆ ಫೈಲನ್ನು ಕಿತ್ತು ಹಾಕಿ ಮಶೀನನ್ನು ಮತ್ತೆ ಚಾಲೂ ಮಾಡಿದಳು. ಅವನ ಫೋನು ಮೇಲಿಂದ ಮೇಲೆ ಬಂತು. ಎತ್ತಲಿಲ್ಲ. ಎತ್ತದೆ ಕುಳಿತು ಅತ್ತಳು.

ಮಧ್ಯಾಹ್ನ, ಹತ್ತಿ ಹೇರಿದ ಟ್ರ್ಯಾಕ್ಟರು ಕಾಟಾದ ಮೇಲಿರುವಾಗಲೇ ಪರದೆ ನಿಂತುಬಿಟ್ಟಿತು! ಹಿಂದೆ ಗಾಡಿಗಳ ಸಾಲು, ಹಾರ್ನಿನ ಗದ್ದಲ.

"ಕಾಡಪ್ಪ ಹೇಳಿದ್ದು ಖರೇನ ಇರಬೇಕು!" ಎಂದು ಯಾರೋ ಕೂಗಿದರು.

ಆ ಗದ್ದಲದ ನಡುವೆಯೇ ಕಾಂತೇಶ ಓಡಿ ಬಂದ.

"ಫೋನ್ ಯಾಕ ಎತ್ತವಲ್ರಿ? ಏನಾತು?"

"ಕಾಡಪ್ಪನ ಮನ್ಯಾವ್ರನ್ನ ಒಳಗ ಬಿಡಂಗಿಲ್ಲ! ನೀವು ಇಟ್ಟ ಫೈಲ್ ತಗದ ಒಗದೇನಿ!"

ಅವನ ಮುಖ ಸಪ್ಪಗಾಯಿತು.

"ಅದಕ್ಕ ನಿಂತೈತಿ," ಎಂದ ಮೆಲ್ಲಗೆ. "ಪ್ರೊಸೆಸರ್ ಮಾಡುಮುಂದ ಒಳಗೊಂದು ತಪ್ಪು ಉಳದೈತಿ. ಅದನ್ನ ತಿದ್ದೂ ಫೈಲ್ ಅದು. ಪ್ರೊಸೆಸರ್ ಮಾಡಿದವರ ಕೊಡತಾರ. ತೂಕಕ್ಕೂ ಅದಕ್ಕೂ ಸಂಬಂಧ ಇಲ್ರಿ."

"ಮತ್ತ ಎಲ್ಲಾದಕ್ಕಿಂತ ಮುಂದ ಯಾಕ ಇಟ್ರಿ? ಯಾರಿಗೂ ಕಾಣಬಾರ್ದಂತೇನು?"

"ಗಾಡಿ ಏರಿದ ಮ್ಯಾಲ ಕಾಟಾ ತಿದ್ದತೀರೇನು ನೀವು?"

ಅವಳು ಮೂಲೆಯ ತೂಕದ ಕಲ್ಲುಗಳತ್ತ ನೋಡಿದಳು.

"ಇದೂ ಹಂಗ. ಉಳಿದ ಕೆಲಸ ಸುರು ಆಗೂ ಮೊದಲ ತಿದ್ದಬೇಕು. ನಡುವ ಕೈ ಹಾಕಿದ್ರ ಮಶೀನ್ ಸಿಕ್ಕೊಂಡ್ರೂ ಸಿಕ್ಕೊಂತು." ಅವನು ಕೈ ಹಿಂದೆ ಕಟ್ಟಿಕೊಂಡ. "ನಾ ಮುಟ್ಟಂಗಿಲ್ಲ. ನೀವ ತರಸ್ರಿ, ನೀವ ಇಡ್ರಿ."

ಅವಳೇ ಮಶೀನು ಹೊಸದಾಗಿ ಎಬ್ಬಿಸಿ, ಫೈಲನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡಳು. ಪ್ರೊಸೆಸರ್ ತಯಾರಿಸಿದವರ ಫೈಲೇ, ಅವನು ಇಟ್ಟಿದ್ದ ಅದೇ ಹೆಸರಿನದು! ಟ್ರ್ಯಾಕ್ಟರು ಹಿಂದೆ ಸರಿಯಿತು. ಫೈಲನ್ನು ಎಲ್ಲಕ್ಕಿಂತ ಮುಂದೆ ಇಟ್ಟು ಮಶೀನು ಚಾಲೂ ಮಾಡಿದಾಗ ಆ ಸಾಲು ಮತ್ತೆ ಕಂಡಿತು. ಎಲ್ಲರೆದುರು ಕಲ್ಲಿಟ್ಟು ತೂಕ ತೋರಿಸಿದ ಮೇಲೇ ಗಾಡಿ ಏರಿಸಿದಳು. ಕತ್ತಲಾಗುವವರೆಗೂ ಮಶೀನು ಎಲ್ಲೂ ನಿಲ್ಲಲಿಲ್ಲ.

ಗಾಡಿಗಳೆಲ್ಲ ಹೋದವು. ಅವನು ಮಾತ್ರ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಅವಳು ಎರಡು ಕಪ್ಪು ಚಹಾ ತಂದಳು.

"ಮಶೀನಿಗೆ ಮೊದಲ ಹೇಳಬೇಕು ಅಂತ ಗೊತ್ತೈತಿ ನಿಮಗ. ಮನಶ್ಯಾರಿಗೆ?"

"ಮೊದಲ ದಿನಾನ ಹೇಳಬೇಕಿತ್ತು. ಹೊರಗ ಹಾಕತೀರಿ ಅಂತ ಅಂಜಿದೆ. ಆಮ್ಯಾಲ... ನಿಮ್ಮನ್ನ ಕಳ್ಕೊಳ್ಳಾಕ ಅಂಜಿದೆ." ಅವನು ಕಪ್ಪು ಕೆಳಗಿಟ್ಟ. "ಮುಂಜಾನಿ ಮಾಮಾನ ಮುಂದ ನಿಂತು ಹೇಳಿ ಬಂದೇನಿ. ದುಂಡಪ್ಪಾರ ಕಾಟಾ ನಾನ ನೋಡೇನಿ, ಖೊಟ್ಟಿ ಅಲ್ಲ, ಸುಳ್ಳ ಹಬ್ಬಸಬ್ಯಾಡ ಅಂತ. ಇನ್ನ ಆ ಮನಿ ಬಾಗಲಾ ನನಗ ಮುಚ್ಚಿತು. ಅದನ್ನ ಹೇಳಾಕ ಫೋನ್ ಮಾಡಾಕತ್ತಿದ್ದೆ."

ಅನ್ನಪೂರ್ಣಾಳ ಕಣ್ಣು ತುಂಬಿ ಬಂತು. ಅವಳು ಅನುಮಾನಿಸುತ್ತ ಕುಳಿತಿದ್ದ ಹೊತ್ತಿನಲ್ಲೇ ಅವನು ಅವಳ ಅಪ್ಪನ ಹೆಸರಿಗಾಗಿ ತನ್ನವರನ್ನು ಎದುರು ಹಾಕಿಕೊಂಡಿದ್ದ!

ಒಳಗೆ ಹೋಗಿ ಮಶೀನು ಬಂದ್ ಮಾಡಿ, ಬಾಗಿಲಲ್ಲಿ ನಿಂತಳು.

"ಬಂದ್ ಮಾಡಿದ್ರ ಆ ತಿದ್ದಿದ್ದು ಒಳಗ ಉಳಿತೈತೇನು?"

"ಇಲ್ರಿ. ಪ್ರೊಸೆಸರ್ ಪೂರಾ ಮರೀತೈತಿ. ನಾಳೆ ಏಳುಮುಂದ ಮತ್ತ ಹೇಳಬೇಕು."

"ನನ್ನ ಸ್ವಭಾವಾನೂ ಹಂಗ ಐತಿ... ರಾತ್ರಿ ಕಳದ್ರ ಮತ್ತ ಅನುಮಾನ ಬರತೈತಿ."

"ಹಂಗಾರ ನಾ ಏನ್ ಮಾಡ್ಲಿ?"

"ನಾಳೆ ಮೊದಲ ಗಾಡಿ ಏರೂ ಮುಂಚೆ ಬರ್ರಿ. ನೀವು ಯಾರು, ನಾ ನಿಮಗ ಏನು... ಎಲ್ಲಾ ಮೊದಲಿಂದ ಹೇಳ್ರಿ."

"ಕಾಡಪ್ಪನ ಅಕ್ಕನ ಮಗಾ ಕಾಂತೇಶ. ನೀವಂದ್ರ ನನಗ ಜೀವಾ." ಅವನು ಎದ್ದು ನಿಂತ. "ದಿನಾ ಹೇಳಬೇಕೇನ್ರಿ?"

"ದಿನಾ," ಎಂದಳು ಅನ್ನಪೂರ್ಣಾ, ಈ ಸಲ ನಗು ತಡೆಯದೆ.