ಗಂಡನ ಕೈಯ ಮಾತ್ರೆ

ಹಳೆಯ ಚಪ್ಪಲಿಯ ಚರ್ಮದ ವಾಸನೆ! ಬಾಲ್ಯದಲ್ಲಿ ಫಿಟ್ಸ್ ಬಂದು ಬಿದ್ದಾಗಲೆಲ್ಲ ಯಾರಾದರೊಬ್ಬರು ಮೂಗಿಗೆ ಹಿಡಿಯುತ್ತಿದ್ದುದು ಅದನ್ನೇ. ಇಂದು ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ನೆಲದ ಮೇಲೆ ಅದೇ ವಾಸನೆಗೆ ಕಣ್ಣು ತೆರೆದ ವೇಣಿ, ಏನಾಯಿತೆಂದು ತಿಳಿದೊಡನೆ ಎರಡೂ ಕೈಗಳಿಂದ ತನ್ನ ಬಸಿರನ್ನು ತಬ್ಬಿಕೊಂಡಳು.

"ಹೆದರಬ್ಯಾಡ ಅಕ್ಕಾ, ನಾ ಇಲ್ಲೇ ಅದೀನಿ," ಎಂದಳು ಪಕ್ಕದ ಮಿಷನ್ನಿನ ಸವಿತಾ. ಯಾರೋ ಹಿಡಿದಿದ್ದ ಚಪ್ಪಲಿಯನ್ನು ಅತ್ತ ತಳ್ಳಿ, ವೇಣಿಯ ಬಟ್ಟೆ ಒದ್ದೆಯಾದುದು ಯಾರ ಕಣ್ಣಿಗೂ ಬೀಳದಂತೆ ತನ್ನ ವೇಲನ್ನು ಹೊದಿಸಿದಳು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ಕೇಳಿಸಿತು. ಆದರೆ ಡಾಕ್ಟರ ಮುಖ ಬಿಗಿದಿತ್ತು. "ಮಾತ್ರೆ ಯಾವಾಗ ನಿಲ್ಲಿಸಿದೆಯಮ್ಮ? ನಿನ್ನ ರಕ್ತದಲ್ಲಿ ಆ ಔಷಧಿಯೇ ಇಲ್ಲ."

"ಒಂದು ದಿನಾನೂ ತಪ್ಪಿಸಿಲ್ಲ ಮೇಡಂ! ನಮ್ಮನೆಯವರೇ ಬಾಯಿಗೆ ಹಾಕ್ತಾರೆ..."

ನಿಜ. ಮದುವೆಗೆ ಮುಂಚೆಯೇ ವೇಣಿ ತನ್ನ ಕಾಯಿಲೆಯನ್ನು ಮುರಳಿಗೆ ಹೇಳಿದ್ದಳು. ಅಂದಿನಿಂದ ಅವಳಿಗೆ ಮಾತ್ರೆ ನುಂಗಿಸುವುದು ಅವನ ಕೆಲಸ. ಬೆಳಿಗ್ಗೆ ಅವಳು ಕಂಪನಿ ಬಸ್ಸಿಗೆ ಓಡುವಾಗ ಹೊಸ್ತಿಲಲ್ಲೇ ತಡೆದು, "ಬಾಯಿ ತೆಗಿ, ರಾಣಿ," ಎನ್ನುತ್ತಿದ್ದ. ಅವಳು ನಗುತ್ತಾ ನುಂಗುತ್ತಿದ್ದಳು. ಮಾತ್ರೆ ಯಾವುದೆಂದು ಎಂದೂ ನೋಡಿರಲಿಲ್ಲ.

ಹಾಗಾದರೆ ಮಾತ್ರೆ ಬದಲಾಯಿಸಿದ್ದು ಯಾರು? "ಮಾತ್ರೆ ಮೇಲೆ ಬದುಕೋ ಸೊಸೆ" ಎಂದು ಮೊದಲಿನಿಂದಲೂ ಗೊಣಗುತ್ತಿದ್ದವರು ಒಬ್ಬರೇ!

ಲಗ್ಗೆರೆಯ ಮನೆಗೆ ಬಂದವಳೇ ವೇಣಿ ಅತ್ತೆಯ ಮುಂದೆ ನಿಂತಳು. "ನನ್ನ ಮಾತ್ರೆ ಬದಲಾಯಿಸಿದ್ರಲ್ಲ, ನಾನು ಸತ್ತರೆ ನಿಮಗೆ ಸಮಾಧಾನವಾ ಅತ್ತೆ? ನಿಮ್ಮ ಮೊಮ್ಮಗೂನೂ ಬೇಡವಾಯ್ತಾ?"

ರಾಮಕ್ಕ ಪಕ್ಕದಲ್ಲಿದ್ದ ಮಗನ ಕಡೆ ತಿರುಗಿದರು. ಅವನು ತಲೆ ತಗ್ಗಿಸಿದ್ದ.

"ಯಾಕ್ಲಾ ಅಂಗ್ ನಿಂತಿದ್ದೀಯ? ಬಾಯ್ ಬಿಡು!"

"ಅಮ್ಮ ಅಲ್ಲ ವೇಣಿ... ನಾನೇ... ಮಾತ್ರೆ ತಗೊಂಡ್ರೆ ಮಗು ಅಂಗವಿಕಲ ಆಗುತ್ತೆ ಅಂತ ಮೊಬೈಲ್‌ನಲ್ಲಿ ನೋಡ್ದೆ ಕಣೇ. ಅದಕ್ಕೇ ಅದರ ಬದಲು ಕ್ಯಾಲ್ಸಿಯಂ..."

ವೇಣಿ ಅತ್ತೆಯನ್ನು ಬಿಟ್ಟು ಅವನೆದುರು ಬಂದಳು. "ಅದಕ್ಕೇ ಅಲ್ವಾ ಮಗು ಬೇಕು ಅಂದಾಗಲೇ ಡಾಕ್ಟ್ರು ಮಾತ್ರೆ ಬದಲಾಯಿಸಿದ್ದು? ಹಠಾತ್ತನೆ ನಿಲ್ಲಿಸಿದ್ರೆ ಇಬ್ಬರ ಜೀವಕ್ಕೂ ಅಪಾಯ ಅಂದಾಗ ನೀವೂ ಪಕ್ಕದಲ್ಲೇ ಕೂತಿದ್ರಿ!"

"ಮಗೂಗೋಸ್ಕರ..."

"ನನ್ನ ಒಂದು ಮಾತು ಕೇಳಬಾರದಿತ್ತಾ? ಮಿಷನ್ ಮೇಲೆ ಬಿದ್ದಿದ್ರೆ? ರಾಣಿ ಅಂತ ಕರೆದು... ನಗ್ತಾ ನಗ್ತಾ... ಅಯ್ಯೋ, ಬೇರೆ ಯಾರೇ ಮಾಡಿದ್ರೂ ತಡ್ಕೋತಿದ್ದೆ!"

ಆಮೇಲೆ ಅಳಲೂ ಆಗಲಿಲ್ಲ ಅವಳಿಗೆ. ಡಾಕ್ಟರು ಮತ್ತೆ ಬರೆದುಕೊಟ್ಟ ಮಾತ್ರೆಯನ್ನು ತಾನೇ ಬಿಡಿಸಿ, ದಿಟ್ಟಿಸಿ ನೋಡಿ, ನುಂಗಿದಳು. ಮುರಳಿ ಚಾಚಿದ ನೀರಿನ ಲೋಟವನ್ನು ಮುಟ್ಟಲಿಲ್ಲ. ಹಾಸಿಗೆ ಸುತ್ತಿಕೊಂಡು ಅತ್ತೆಯ ಕೋಣೆಗೆ ಹೋದಳು. ಅವನು ಬಾಗಿಲವರೆಗೆ ಬಂದ.

"ಇನ್ನೊಂದ್ ಸಲ ನಂಬಲ್ವಾ ವೇಣಿ?"

"ಗೊತ್ತಿಲ್ಲ. ಮಗು ಬರಲಿ. ಅಲ್ಲೀವರೆಗೂ ನನ್ನ ಮಾತ್ರೆ ನಿಮ್ಮ ಕೈ ಸೋಕೋದು ಬೇಡ."

ಅವನನ್ನು ಸರಿಸಿ ರಾಮಕ್ಕ ಒಳಗೆ ಬಂದರು. ಅವರನ್ನು ಕಂಡು ವೇಣಿ ಎದ್ದು ನಿಂತಳು. "ಅತ್ತೆ... ನಾನು ನಿಮ್ಮನ್ನ..."

ರಾಮಕ್ಕ ಬಿಸಿ ಮುದ್ದೆ, ಸೊಪ್ಪಿನ ಸಾರು ಇದ್ದ ತಟ್ಟೆಯನ್ನು ಸೊಸೆಯ ಕೈಗಿತ್ತು, ಎದುರಿಗೆ ಕುಳಿತರು.