ಹಾಡು ನಿಲ್ಲುವ ಜಾಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ಪ್ರೇಮ ಕಥೆಯೇ, ಆದರೆ ಇದರಲ್ಲಿ ರಕ್ತ ಇದೆ. ಹೊಡೆತದ ಬಗ್ಗೆ ಹೆಚ್ಚು ಬರೆದರೆ ಚಪಲ ಅನ್ನಿಸುತ್ತದೆ, ಕಡಿಮೆ ಬರೆದರೆ ಸುಳ್ಳು ಅನ್ನಿಸುತ್ತದೆ. ಸಾಲದ್ದಕ್ಕೆ ಇದರಲ್ಲಿ ಬರುವ ಹಾಡುಗಳು ಜಪಾನಿ ಭಾಷೆಯವು, ಆ ಭಾಷೆಯ ಒಂದಕ್ಷರವೂ ನನಗೆ ಬಾರದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮಸ್ಕತ್‌ನ ದಾರ್ಸೈಟ್ ಬಡಾವಣೆಯ ಒಂದು ಫ್ಲ್ಯಾಟಿನ ಕೆಳಗೆ, ಬೆಳಗಿನ ಬಿಸಿಲಿಗೇ ಕಾದಿದ್ದ ಕಾರಿನ ಬಾಗಿಲಿಗೆ ಓಲಿವಿಯಾಳ ಹಣೆ ಬಡಿಯಿತು.

ತಳ್ಳಿದವನು ಅವಳ ಸ್ವಂತ ಅಣ್ಣ, ಮ್ಯಾಕ್ಸ್‌ವೆಲ್. ಕೆಲಸಕ್ಕೆ ನಾನೇ ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎಂದದ್ದು ಅವಳ ಅವತ್ತಿನ ತಪ್ಪು.

"ಇವಳನ್ನು ಸೀದಾ ಗುಬ್ರಾದ ಕ್ಲಿನಿಕ್‌ಗೆ ಬಿಡು. ಸಂಜೆ ಸೀದಾ ಇಲ್ಲಿಗೆ ತಾ. ನಡುವೆ ಎಲ್ಲಿಯೂ ಇಳಿಸಬೇಡ," ಎಂದ ಅವನು, ಪಾರ್ಸೆಲ್ ಒಪ್ಪಿಸುವವನ ಹಾಗೆ.

ಡ್ರೈವರ್ ಸೀಟಿನಲ್ಲಿದ್ದವನು ಮೈಸೂರಿನ ಅನೂಪ್. ಅಲ್ ಗುಬ್ರಾದ ಒಂದು ಕಂಪನಿಯಲ್ಲಿ ಪಂಪ್ ರಿಪೇರಿಯ ಟೆಕ್ನಿಷಿಯನ್. ದಿನಾ ಹೋಗುವ ದಾರಿಯಲ್ಲಿ ಅಕ್ಕಪಕ್ಕದ ಒಂದಿಬ್ಬರನ್ನು ಕೂರಿಸಿಕೊಂಡು ಹೋಗುತ್ತಿದ್ದ. ಮಸ್ಕತ್‌ನಲ್ಲಿ ಇದಕ್ಕೆ ಕಾರ್ ಲಿಫ್ಟ್ ಅನ್ನುತ್ತಾರೆ. ಮುಂದಿನ ಸೀಟಿನಲ್ಲಿ ಅವನ ಚಿಕ್ಕಪ್ಪನ ಮಗಳು ಆಶಿತಾ ಇದ್ದಳು, ಅಲ್ಲೇ ಶಾಲೆಯೊಂದರಲ್ಲಿ ಟೀಚರ್.

ಅನೂಪ್ ಹಿಂದಿರುಗಿ ನೋಡದೆ ಟಿಶ್ಯೂ ಡಬ್ಬಿಯನ್ನು ಹಿಂದಕ್ಕೆ ಚಾಚಿದ.

ನೋಡಲಿಲ್ಲವಲ್ಲ… ದೇವರೇ, ನೋಡಲಿಲ್ಲವಲ್ಲ!

ಓಲಿವಿಯಾಳಿಗೆ ಅಳು ಬಂದದ್ದು ಹಣೆಯ ನೋವಿಗಲ್ಲ, ಆ ಮರ್ಯಾದೆಗೆ.

ಕಾರಿನಲ್ಲಿ ಗಂಡಸೊಬ್ಬ ಯಾವುದೋ ಭಾಷೆಯಲ್ಲಿ ಹಾಡುತ್ತಿದ್ದ. ಒರಟು ದನಿ, ಆದರೆ ಮಗುವನ್ನು ಎಬ್ಬಿಸಬಾರದು ಎಂಬಂಥ ಜಾಗ್ರತೆ.

"ಸಹಿಸ್ಕೋಬೇಕು ಕಣಮ್ಮಾ," ಎಂದಳು ಆಶಿತಾ. "ನಮ್ಮ ಅನೂಪಂಗೆ ಪ್ರಪಂಚದಲ್ಲಿ ಇವನೊಬ್ಬನೇ ಗಾಯಕ."

ಗಾಯಕನ ಹೆಸರು ಕನಾಮೆ. ಮೊದಲು ಹೊಡೆದಾಟದ ಸಿನಿಮಾಗಳ ನಟನಾಗಿದ್ದನಂತೆ. ಕೊಲ್ಲುವ ಪಾತ್ರಗಳೇ ಎಲ್ಲ. ಮಂಡಿ ಮುರಿದು ಹೊಡೆದಾಟ ಆಗದಂತಾದ ಮೇಲೆ ಹಾಡಲು ಶುರು ಮಾಡಿದ, ಆ ಹಾಡುಗಳು ಸಿನಿಮಾಗಳಿಗಿಂತ ಹೆಚ್ಚು ದೂರ ಹೋದವು. ಹಾಸ್ಟೆಲಿನಲ್ಲಿ ಹೊಡೆದಾಟ ನೋಡಲು ಕೂತಿದ್ದ ಅನೂಪ್ ಹಾಡಿಗೆ ಸಿಕ್ಕಿಬಿದ್ದದ್ದು ಹಾಗೆ.

ಎಲ್ಲರೂ ಕೇಳುವ ಅವನ ಹಾಡು ಒಂದಿತ್ತು. ತಡವಾಗಿ ಮನೆಗೆ ಬಂದವನು ಬೂಟು ಕಳಚಿ, ಮುಚ್ಚಿದ ಬಾಗಿಲ ಹೊರಗೆ ನಿಂತಿದ್ದಾನೆ. ತಟ್ಟಲೋ ಬೇಡವೋ? ಹಾಡಿನ ನಡುವೆ ಗಿಟಾರು, ಡ್ರಮ್ಸ್, ದನಿ, ಎಲ್ಲವೂ ತಟಕ್ಕನೆ ನಿಂತುಬಿಡುತ್ತವೆ. ಅವನು ಉಸಿರು ಎಳೆದುಕೊಳ್ಳುವುದು ಮಾತ್ರ ಕೇಳುತ್ತದೆ. ಆಮೇಲೆ ಮತ್ತೆ ಹಾಡು.

ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದ ಅನೂಪನ ಬೆರಳುಗಳು ಆ ಜಾಗದಲ್ಲಿ ಹಾಡಿನ ಜೊತೆಗೇ ನಿಲ್ಲುತ್ತಿದ್ದವು. ಒಂದು ದಿನವೂ ತಪ್ಪಲಿಲ್ಲ. ಓಲಿವಿಯಾ ಹಿಂದಿನ ಸೀಟಿನಿಂದ ಆ ಬೆರಳುಗಳನ್ನೇ ನೋಡುತ್ತಾ ಕೂರತೊಡಗಿದಳು.

ಅವಳ ಅಪ್ಪ ಉಡುಪಿಯ ಮನೆಯಲ್ಲಿ ಬೆಲ್ಟ್ ಬಿಚ್ಚುತ್ತಿದ್ದ. ಆಗ ಅಡ್ಡ ನಿಂತು ಹೊಡೆತ ತಿಂದವನು ಇದೇ ಮ್ಯಾಕ್ಸ್‌ವೆಲ್. ಅಪ್ಪ ಸತ್ತ, ಬೆಲ್ಟ್ ಅಣ್ಣನ ಕೈಗೆ ಬಂತು. ಕೈ ಎತ್ತುವವನ ಮನೆಯಿಂದ ಕೈ ಎತ್ತುವವನ ಮನೆಗೆ ಮಾತ್ರ ಹೋಗುವುದಿಲ್ಲ… ಇದೊಂದನ್ನು ಅವಳು ತನಗೆ ತಾನೇ ಆಣೆ ಹಾಕಿ ಹೇಳಿಕೊಂಡಿದ್ದಳು.

ಇಷ್ಟು ಸರಿಯಾಗಿ ನಿಲ್ಲಲು ಬರುವ ಕೈ ಯಾರನ್ನೂ ಹೊಡೆಯಲಾರದು, ಅಂದುಕೊಂಡಳು.

ಚಳಿಗಾಲ ಬರುವ ಹೊತ್ತಿಗೆ ಅವಳ ಫೋನಿನ ರಿಂಗ್‌ಟೋನೂ ಅದೇ ಹಾಡಾಗಿತ್ತು. ಪ್ರೀತಿ ಎಂಬ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಬೇಡವೂ ಆಗಿರಲಿಲ್ಲ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್ ಇರುತ್ತದೆ, ಎಲ್ಲರೂ ಮೊಣಕಾಲೂರಿ ಹೇಳುವ ಜಪಮಾಲೆಯ ಪ್ರಾರ್ಥನೆ. ಆ ಹೊತ್ತಿನಲ್ಲಿ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅನೂಪ್‌ಗೆ ಅದು ಗೊತ್ತಿರಲಿಲ್ಲ. ಕನಾಮೆಯ ಹೊಸ ಹಾಡು ಒಂದು ದಿನ ಅದೇ ಹೊತ್ತಿಗೆ ಬಿಡುಗಡೆಯಾಯಿತು. ಖುಷಿಗೆ ಅವಳಿಗೆ ಫೋನ್ ಮಾಡಿಬಿಟ್ಟ.

ಪ್ರಾರ್ಥನೆಯ ನಡುವೆ ಜಪಾನಿ ಹಾಡು ಮೊಳಗಿತು.

ಮ್ಯಾಕ್ಸ್‌ವೆಲ್ ಎದ್ದ. ಪರದೆಯ ಮೇಲೆ ಅನೂಪನ ಹೆಸರು ಓದಿದ. ಫೋನನ್ನು ನೆಲಕ್ಕೆ ಬಡಿದು, ಬೆಲ್ಟ್ ಬಿಚ್ಚಿದ. ಮೊದಲ ಏಟು ಬೆನ್ನಿಗೆ, ಎರಡನೆಯದು ಕಿವಿಗೆ. ತುಟಿ ಒಡೆದದ್ದು ಯಾವ ಏಟಿಗೆಂದು ಅವಳಿಗೆ ಗೊತ್ತಾಗಲಿಲ್ಲ. ಅತ್ತಿಗೆ ಜೋಸ್ಲಿನ್ ಜಪಮಾಲೆಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದ್ದಳು.

ಆಮೇಲೆ ಅವನು ಮತ್ತೆ ಮೊಣಕಾಲೂರಿದ. ಉಳಿದ ಪ್ರಾರ್ಥನೆ ಮುಗಿಸಿಯೇ ಎಲ್ಲರೂ ಎದ್ದರು. ಓಲಿವಿಯಾ ಬಾಯೊಳಗಿನ ರಕ್ತ ನುಂಗುತ್ತಾ ಪ್ರಾರ್ಥನೆಯ ಉತ್ತರದ ಸಾಲುಗಳನ್ನು ಹೇಳಿದಳು.

ಮರುದಿನ ಅವಳು ಕಾರಿಗೆ ಬರಲಿಲ್ಲ. ಫೋನೂ ಸತ್ತಿತ್ತು. ನನ್ನ ಮೇಲೆ ಕೋಪವೇ ಎಂದು ಅನೂಪ್ ಒದ್ದಾಡಿದ. ಯಾವ ಹೊತ್ತಿಗೆ ಫೋನ್ ಮಾಡಿದೆ ಎಂದು ಕೇಳಿ ಆಶಿತಾ ತಲೆ ಚಚ್ಚಿಕೊಂಡಳು. "ಅವರ ಮನೆಯಲ್ಲಿ ಅದು ಪ್ರಾರ್ಥನೆ ಹೊತ್ತು ಕಣೋ, ಪೆದ್ದ. ಹೋಗಿ ಅವರಣ್ಣನ ಹತ್ರ ಕ್ಷಮೆ ಕೇಳು."

ಅವನು ಕ್ಷಮೆ ಕೇಳಲೆಂದೇ ಹೋದ. ಕೆಲಸ ಮುಗಿಸಿ ಹೊರಡುವಾಗ ತಡವಾಗಿತ್ತು, ಮೆಟ್ಟಿಲು ಹತ್ತಿದಾಗ ಒಳಗೆ ತೇರ್ಸ್ ನಡೆಯುತ್ತಿತ್ತು. ಬಾಗಿಲ ಹೊರಗೆ ಬೂಟು ಕಳಚಿ ನಿಂತ. ತಟ್ಟಲೋ ಬೇಡವೋ?

ತಟ್ಟಿದ.

ಬಾಗಿಲು ತೆರೆದ ಜೋಸ್ಲಿನ್‌ಳ ಹೆಗಲ ಮೇಲಿಂದ ಮ್ಯಾಕ್ಸ್‌ವೆಲ್ ಅವನನ್ನು ಕಂಡ. ಬೈದದ್ದು ಅವನಿಗಲ್ಲ. ಮನೆಯವರೆಗೂ ಕರೆಸಿಕೊಂಡೆಯಾ ಎಂದು ತಂಗಿಯ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದ. ದೇವರ ಪೀಠದ ಮೇಣದಬತ್ತಿಗಳು ಉರುಳಿದವು.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಅನೂಪ್ ಒಳಗೆ ನುಗ್ಗಿದ. ಮೊದಲ ಏಟಿಗೆ ಮ್ಯಾಕ್ಸ್‌ವೆಲ್ ಜಡೆ ಬಿಟ್ಟ. ಎರಡನೆಯದಕ್ಕೆ ಬಿದ್ದ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅನೂಪ್ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ, ಮತ್ತೆ ಗುದ್ದಿದ. ದವಡೆ ಮುರಿದ ಸದ್ದು, ಒಣಕಡ್ಡಿ ಮುರಿದ ಹಾಗೆ, ಎಲ್ಲರಿಗೂ ಕೇಳಿಸಿತು.

"ಸಾಕು ಅನೂಪ್… ಸಾಕು!"

ಓಲಿವಿಯಾ ಮತ್ತೆ ಮತ್ತೆ ಕೂಗಿದಳು. ಕೈ ನಿಲ್ಲಲಿಲ್ಲ. ಅವಳು ದಿನಾ ನೋಡುತ್ತಿದ್ದ ಅದೇ ಕೈ! ಕೊನೆಗೆ ಜೋಸ್ಲಿನ್ ಮೇಲೆ ಬಿದ್ದು ಆ ಮುಂಗೈಯನ್ನು ಕಚ್ಚಿ ಹಿಡಿದಳು. ಹಲ್ಲು ಆಳಕ್ಕೆ ಇಳಿದ ಮೇಲೆ ಅದು ನಿಂತಿತು.

ಅನೂಪ್ ಓಡಿಹೋಗಲಿಲ್ಲ. ಪೊಲೀಸರು ಬರುವವರೆಗೆ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತಿದ್ದ. ಓಲಿವಿಯಾ ಪೊಲೀಸರಿಗೆ ಅಣ್ಣ ಹೊಡೆದದ್ದನ್ನು ಹೇಳಿದಳು, ಅನೂಪ್ ಹೊಡೆದದ್ದನ್ನೂ ಹೇಳಿದಳು. ನಿಲ್ಲಿಸಲು ಹೇಳಿದೆಯಾ ಎಂದು ಕೇಳಿದಾಗ, "ಹೇಳಿದೆ. ಆ ಗಲಾಟೆಯಲ್ಲಿ ಅವರಿಗೆ ಕೇಳಿಸಿರಲಿಕ್ಕಿಲ್ಲ," ಎಂದಳು.

ಅವಳು ಆಶಿತಾಳ ಮನೆ ಸೇರಿದಳು. ಅನೂಪ್ ಲಾಕಪ್ಪಿನಲ್ಲಿದ್ದ. ಕೇಸು ಸಾಬೀತಾದರೆ ಜೈಲು, ಆಮೇಲೆ ಗಡೀಪಾರು ಎಂದು ತಿಳಿದವರು ಹೇಳಿದರು. ಪೆಟ್ಟು ತಿಂದವನೇ ಬಂದು ದೂರು ಹಿಂತೆಗೆದುಕೊಂಡರೆ ಮಾತ್ರ ದಾರಿ ಇತ್ತು. ಮ್ಯಾಕ್ಸ್‌ವೆಲ್ ಅಂಥವನೇ?

ಆ ದಿನಗಳಲ್ಲಿ ಅವಳು ಕನಾಮೆಯ ಹಳೆಯ ಸಿನಿಮಾ ಒಂದನ್ನು ಮೊದಲ ಸಲ ನೋಡಿದಳು. ಉದ್ದದ ಓಣಿ, ಒಬ್ಬೊಬ್ಬರೇ ಬೀಳುತ್ತಿದ್ದಾರೆ, ಅವನ ಮುಖದಲ್ಲಿ ಆಯಾಸವೂ ಇಲ್ಲ. ಅರ್ಧಕ್ಕೇ ಆರಿಸಿದಳು. ಹಾಡು ಕೇಳುವಾಗ ಈ ಕೈ ನನಗೇಕೆ ಕಾಣಲಿಲ್ಲ? ನಾನು ಸಾಕೆಂದದ್ದು ಅನೂಪ್‌ಗೆ ಕೇಳಿಸಿರಲಿಕ್ಕಿಲ್ಲ… ಖಂಡಿತ ಕೇಳಿಸಿರಲಿಕ್ಕಿಲ್ಲ. ಆ ಒಂದು ಮಾತಿಗೆ ಅವಳ ಪ್ರೀತಿ ಜೋತುಬಿದ್ದಿತ್ತು.

ಯಾರೂ ನಂಬದ ಸುದ್ದಿ ಬಂತು. ದವಡೆಗೆ ತಂತಿ ಬಿಗಿಸಿಕೊಂಡೇ ಮ್ಯಾಕ್ಸ್‌ವೆಲ್ ಠಾಣೆಗೆ ಹೋಗಿ ದೂರು ಹಿಂತೆಗೆದುಕೊಂಡಿದ್ದ. ಜೊತೆಗೆ ಜೋಸ್ಲಿನ್ ಇದ್ದಳಂತೆ.

ಅನೂಪ್ ಹೊರಗೆ ಬಂದ, ಆದರೆ ಅವಳನ್ನು ನೋಡಲು ಬರಲಿಲ್ಲ. ನನ್ನಿಂದಲೇ ಇಷ್ಟಾಯಿತೆಂದು ದೂರ ಸರಿದನೇ? ಅವಳು ಕೊರಗಿದಳು. ಕೊನೆಗೆ ಆಶಿತಾ ಅವನನ್ನು ಬೈದು ಕರೆಸಿದಳು.

ಅಲ್ ಗುಬ್ರಾದ ಸಮುದ್ರದ ದಡದಲ್ಲಿ ಅವನು ಕಾರು ನಿಲ್ಲಿಸಿದ. ಉಪ್ಪುನೀರು ಸಿಹಿ ಮಾಡುವ ಸ್ಥಾವರದ ದೀಪಗಳು ಆಗತಾನೇ ಹತ್ತಿಕೊಳ್ಳುತ್ತಿದ್ದವು. ಆಶಿತಾ ಜೊತೆಗೆ ಬಂದಿರಲಿಲ್ಲ, ಆದರೂ ಓಲಿವಿಯಾ ಎಂದಿನಂತೆ ಹಿಂದಿನ ಸೀಟಿನಲ್ಲೇ ಕೂತಿದ್ದಳು.

"ನಾನು ಸಾಕು ಅಂದದ್ದು ನಿಮಗೆ ಕೇಳ್ಲಿಲ್ಲ ಅಲ್ವಾ?" ಎಂದಳು. "ಪೊಲೀಸರಿಗೂ ಹಾಗೇ ಹೇಳಿದ್ದೇನೆ."

ಹೌದು ಎಂದಿದ್ದರೆ ಸಾಕಿತ್ತು. ಅವಳು ಅದಕ್ಕೇ ಕಾದಿದ್ದಳು.

"ಕೇಳಿಸ್ತು ಕಣ್ರೀ." ಅವನು ಕನ್ನಡಿಯಲ್ಲೂ ಅವಳನ್ನು ನೋಡಲಿಲ್ಲ. "ಮೊದಲನೇ ಸಲವೇ ಕೇಳಿಸ್ತು. ನಿಲ್ಲಿಸೋಕೆ ಮನಸ್ಸಿರಲಿಲ್ಲ. ಹೊಡೆಯೋದು… ಹಿತವಾಗಿತ್ತು. ಅದಕ್ಕೇ ನಿಮ್ಮನ್ನ ನೋಡೋಕೆ ಬರಲಿಲ್ಲ."

ಓಲಿವಿಯಾ ಬಾಗಿಲು ತೆಗೆದು ಇಳಿದಳು. ಮರಳಿನಲ್ಲಿ ನಡೆದಳು.

ಅಪ್ಪ ಪ್ರತಿ ಸಲವೂ ಹೊಡೆದ ಮೇಲೆ ಹೇಳುತ್ತಿದ್ದ, ನೀವೇ ಹೊಡೆಸಿಕೊಂಡಿರಿ. ಅಣ್ಣನೂ ಅದನ್ನೇ ಹೇಳುತ್ತಿದ್ದ. ತಪ್ಪು ತನ್ನದು, ಅದೂ ಬೇಕೆಂದೇ ಮಾಡಿದ್ದು ಎಂದು ಹೇಳಿದ ಗಂಡಸನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಸುಳ್ಳು ಹೇಳಿ ನನ್ನನ್ನು ಪಡೆಯಬಹುದಿತ್ತು… ಹೇಳಲಿಲ್ಲವಲ್ಲ!

ಬಹಳ ಹೊತ್ತಿನ ಮೇಲೆ ತಿರುಗಿ ಬಂದಳು. ಹಿಂದಿನ ಬಾಗಿಲು ಇನ್ನೂ ತೆರೆದೇ ಇತ್ತು. ಅದನ್ನು ಮುಚ್ಚಿ, ಮುಂದಿನ ಸೀಟಿನಲ್ಲಿ ಬಂದು ಕೂತಳು.

"ಇನ್ನು ಯಾರ ಮೇಲಾದ್ರೂ ಕೈ ಎತ್ತಿದ್ರೆ, ಸಾಕು ಅಂತ ಹೇಳ್ಲಿಕ್ಕೆ ನಾನು ನಿಲ್ಲುದಿಲ್ಲ. ಹೋಗಿಬಿಡ್ತೇನೆ."

"ಹೋಗಿ. ತಡೆಯಲ್ಲ." ಅವನು ಈಗ ಅವಳತ್ತ ತಿರುಗಿದ. "ಹೇಳೋ ಯೋಗ್ಯತೆ ಇಲ್ಲ, ಆದರೂ ಹೇಳ್ತೀನಿ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ."

"ಗೊತ್ತುಂಟು ಮಾರಾಯ್ರೆ. ಇಲ್ಲದಿದ್ರೆ ಈ ಸೀಟಿಗೆ ಬರ್ತಿದ್ದೆನಾ? ಹಾಡು ಹಾಕಿ."

ಬಾಗಿಲ ಹೊರಗೆ ನಿಂತವನ ಹಾಡು ಶುರುವಾಯಿತು. ಅವನ ಮುಂಗೈಯಲ್ಲಿ ಜೋಸ್ಲಿನ್‌ಳ ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು. ಅದರ ಮೇಲೆ ಓಲಿವಿಯಾ ತನ್ನ ಬೆರಳಿಟ್ಟು ಮೆಲ್ಲಗೆ ತಾಳ ಹಾಕಿದಳು. ಹಾಡು ನಿಂತ ಜಾಗದಲ್ಲಿ ಬೆರಳೂ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಕಾದರು.

ಬರುವ ಈಸ್ಟರ್ ಕಳೆದ ಮೇಲೆ ಅವರ ಮದುವೆ. ಮ್ಯಾಕ್ಸ್‌ವೆಲ್ ದೂರು ಹಿಂತೆಗೆದುಕೊಂಡದ್ದು ಪಶ್ಚಾತ್ತಾಪಕ್ಕೋ, ಜೋಸ್ಲಿನ್ ಏನಾದರೂ ಬೆದರಿಕೆ ಹಾಕಿದ್ದಕ್ಕೋ, ಗೊತ್ತಿಲ್ಲ. ಅನೂಪನ ಕೈ ಇನ್ನೊಮ್ಮೆ ಏಳುವುದಿಲ್ಲವೇ ಎಂದು ನೀವು ಕೇಳಿದರೆ, ಅದೂ ನನಗೆ ಗೊತ್ತಿಲ್ಲ. ಓಲಿವಿಯಾಳಿಗೂ ಗೊತ್ತಿಲ್ಲ.