ನಾಲ್ಕನೇ ವಾರದ ಚುಚ್ಚುಮದ್ದು

ಬುಟ್ಟಿ ಖಾಲಿಯಾಗಿತ್ತು.

ಇಸ್ತ್ರಿ ಅಂಗಡಿಯ ಹಿಂಬಾಗಿಲಿಗೆ ಅಗುಳಿ ಇರಲಿಲ್ಲ, ತಂತಿ ಸುತ್ತಿ ಬಿಗಿಯುತ್ತಿದ್ದರು. ಆ ತಂತಿಯನ್ನು ಯಾರೋ ಕತ್ತರಿಸಿದ್ದರು. ಒಳಗೆ ಊರವರ ಸೂಟುಗಳು ಹಾಗೇ ತೂಗುತ್ತಿದ್ದವು. ಗಲ್ಲಾಪೆಟ್ಟಿಗೆಯನ್ನು ಕಳ್ಳ ಮುಟ್ಟಿರಲಿಲ್ಲ. ಹೋದದ್ದು ಒಂದೇ, ಬುಟ್ಟಿಯಲ್ಲಿ ಮಲಗಿದ್ದ ಕಪ್ಪು ನಾಯಿಮರಿ. ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕಿಂತ ಬೆಚ್ಚಗೆ ಸಾಕಿದ್ದ ಮರಿ. ಹೆಸರು ಇದ್ದಿಲು.

ಅಂಗಡಿಯ ಒಡತಿಯನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಅವಳು ಅಳುತ್ತಾ ಕೂರುವ ಪೈಕಿಯವಳಲ್ಲ. ಶನಿವಾರವಿಡೀ ಬೀದಿ ಬೀದಿ ಹುಡುಕಿದಳು. ಭಾನುವಾರ ಬೆಳಿಗ್ಗೆ ರೈಲು ನಿಲ್ದಾಣಕ್ಕೆ ಹೋದಳು. ಅಲ್ಲಿ ಬೆಂಚಿನ ಮೇಲೆ ಕೋಟು ತೊಟ್ಟ ಒಬ್ಬ ಆಸಾಮಿ ಕೂತಿದ್ದ. ಕಾಲ ಬಳಿ ಮುಚ್ಚಳದ ಬುಟ್ಟಿ. ಬುಟ್ಟಿಯೊಳಗಿಂದ ಕುಂಯ್ ಎಂಬ ಸದ್ದು.

ಹತ್ತು ನಿಮಿಷದಲ್ಲಿ ಇಬ್ಬರೂ ಪೊಲೀಸ್ ಠಾಣೆಯಲ್ಲಿದ್ದರು. ಅವಳ ಕೈಯಲ್ಲಿ ಅವನ ಕೋಟಿನ ಒಂದು ಗುಂಡಿ ಇತ್ತು.

*

ಠಾಣೆಯ ಇನ್‌ಸ್ಪೆಕ್ಟರ್ ಹೆಣ್ಣುಮಗಳು. ಮಾತು ಕಡಿಮೆ, ಚಹಾ ಜಾಸ್ತಿ. ಅವರ ಕೈಕೆಳಗಿನ ಪೇದೆಗೆ ಎಲ್ಲವೂ ಗೊತ್ತು. ತನಗೆ ಏನು ಗೊತ್ತಿಲ್ಲ ಎಂಬುದೊಂದು ಮಾತ್ರ ಗೊತ್ತಿಲ್ಲ.

ಇಬ್ಬರೂ ಮರಿ ನನ್ನದು ಎಂದರು. ಮರಿಯನ್ನೇ ಕೇಳೋಣವೆಂದರೆ ಅದು ಚುನಾವಣೆಗೆ ನಿಂತವನ ಹಾಗೆ ಎಲ್ಲರ ಕಾಲಿಗೂ ಬಿತ್ತು. ಅಕ್ಕ ಇದ್ದಿಲು ಎಂದರೂ ಓಡಿ ಬಂತು, ಕೋಟಿನವನು ಲಾಟೀನು ಎಂದರೂ ಓಡಿ ಬಂತು. ಅಕ್ಕಪಕ್ಕದ ಅಂಗಡಿಯವರನ್ನು ಕರೆಸಿದರು. ಅಕ್ಕನ ಹತ್ತಿರ ಒಂದು ಕರಿ ಮರಿ ಇದ್ದದ್ದು ನಿಜ, ಅದು ಇದೇನಾ ಅಂದರೆ ಹೇಗೆ ಹೇಳುವುದು ಎಂದು ಅವರು ಜಾರಿಕೊಂಡರು.

ಕೋಟಿನವನು ತಣ್ಣಗೆ ಮಾತಾಡಿದ. ತಾನು ಊರಾಚೆಯ ಮನೆಯಲ್ಲಿ ನಾಯಿ ಸಾಕಿ ಮಾರುವವನು. ದೊಡ್ಡ ಊರಿನಲ್ಲಿ ಒಬ್ಬರು ಕರಿ ಮರಿ ಬೇಕೆಂದಿದ್ದಾರೆ. ಮಧ್ಯಾಹ್ನದ ರೈಲಿಗೆ ಹೋಗಲೇಬೇಕು. ಫೋನಿನಲ್ಲಿ ಕರಿ ಮರಿಗಳ ಫೋಟೊ ತೋರಿಸಿದ. ತಾಯಿಯ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುತ್ತಿದ್ದ ನಾಲ್ಕು ಮುದ್ದೆಗಳು, ಒಂದರ ಹಾಗೇ ಇನ್ನೊಂದು.

ಇಸ್ತ್ರಿ ಅಕ್ಕನ ಬಳಿ ಗುಂಡಿ ಒತ್ತುವ ಹಳೆಯ ಫೋನು. ಫೋಟೊ ಇಲ್ಲ.

"ಚುಚ್ಚುಮದ್ದು ಹಾಕಿಸಿದ್ದೀರಾ?" ಎಂದು ಇನ್‌ಸ್ಪೆಕ್ಟರ್ ಇಬ್ಬರನ್ನೂ ಕೇಳಿದರು. ಇಬ್ಬರೂ ಹಾಕಿಸಿದ್ದೇವೆ ಎಂದರು. ಇಬ್ಬರೂ ಇಲ್ಲಿನ ಡಾಕ್ಟರಮ್ಮನ ಹೆಸರನ್ನೇ ಹೇಳಿದರು.

ಕೋಟಿನವನು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ. ಆರನೇ ವಾರ ಮೊದಲನೆಯದು. ಒಂಬತ್ತನೇ ವಾರ ಎರಡನೆಯದು, ಜೊತೆಗೆ ಕೆಮ್ಮಿನ ರೋಗಕ್ಕೆ ಮೂಗಿಗೆ ಹನಿ. ಹನ್ನೆರಡನೇ ವಾರ ಮೂರನೆಯದು, ಜೊತೆಗೆ ಹುಚ್ಚುನಾಯಿ ರೋಗದ್ದು. ಅದು ಮೊನ್ನೆ ಮೊನ್ನೆ ಮುಗಿಯಿತು. ಕಾರ್ಡನ್ನು ಕೊಳ್ಳುವವರಿಗೆ ಮೊದಲೇ ಅಂಚೆಯಲ್ಲಿ ಕಳಿಸಿದ್ದೇನೆ ಎಂದ.

ಇಸ್ತ್ರಿ ಅಕ್ಕ ತಡವರಿಸಿದಳು. ನಾಲ್ಕನೇ ವಾರಕ್ಕೇ ಒಂದು, ಆಮೇಲೆ ಒಂದು, ಶುಕ್ರವಾರ ಒಂದು. ಹುಚ್ಚುನಾಯಿ ರೋಗದ್ದು ಇನ್ನೂ ಬಾಕಿ. ಮೂಗಿಗೆ ಹನಿ ಹಾಕಿಲ್ಲ. ಕಾರ್ಡೆಲ್ಲಿ ಎಂದರೆ ತಲೆ ತಗ್ಗಿಸಿದಳು.

"ಬಟ್ಟೆ ಜೊತೆ ಒಗೆದು ಹಾಕಿದೆ ಮೇಡಂ. ಊರವರ ಜೇಬೆಲ್ಲ ತಡಕೋ ನಾನು ನನ್ನ ಜೇಬೇ ನೋಡ್ಲಿಲ್ಲ."

"ನಾಲ್ಕನೇ ವಾರಕ್ಕೆ ಯಾರು ಹಾಕ್ತಾರಮ್ಮ?" ಎಂದ ಪೇದೆ. ಅವನ ಮನೆಯಲ್ಲೂ ನಾಯಿಯಿದೆ.

"ಇದಕ್ಕೆ ತಾಯಿ ಇಲ್ಲ ಅಂತ ಬೇಗ ಹಾಕಿದ್ರು."

ಪೇದೆಗೆ ನಗು ತಡೆಯಲಾಗಲಿಲ್ಲ. ತಾಯಿ ಇಲ್ಲದವರಿಗೆ ಸೂಜಿಯ ಲೆಕ್ಕವೂ ಬೇರೆಯೇ ಎಂದು ಇನ್‌ಸ್ಪೆಕ್ಟರ್ ಕಿವಿಯಲ್ಲಿ ಉಸುರಿದ. ಸುಳ್ಳು ಹೇಳುವುದಕ್ಕೂ ತಲೆ ಬೇಕು ಎಂದೂ ಸೇರಿಸಿದ. ಆಮೇಲೆ ತನ್ನ ಚಹಾಕ್ಕೆ ಸಕ್ಕರೆ ಹಾಕಿ ಲೋಟದಲ್ಲಿ ಚಮಚ ತಿರುಗಿಸಿದ.

ಮೂಲೆಯಲ್ಲಿ ನಿದ್ದೆ ಹೋಗಿದ್ದ ಮರಿ ಧಡಕ್ಕನೆ ಎದ್ದಿತು. ಉರುಳುತ್ತಾ ಬಂದು ಪೇದೆಯ ಮುಂದೆ ಕೂತು ಮುಖ ಮೇಲೆತ್ತಿತು. ಚಹಾ ಸಿಗದಿದ್ದಾಗ ಅವನ ಪ್ಯಾಂಟಿನ ಅಂಚನ್ನು ಬಾಯಿಗಿಟ್ಟು ಚೀಪತೊಡಗಿತು. ಅವನು ಕಾಲು ಕೊಡವಿದ. ಇನ್‌ಸ್ಪೆಕ್ಟರ್ ನೋಡಿದರು. ಏನೋ ಹೊಳೆದ ಹಾಗಾಯಿತು, ಆದರೆ ಕೈಗೆ ಸಿಗಲಿಲ್ಲ.

ಇಸ್ತ್ರಿ ಅಕ್ಕ ಅವರ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದಳು. "ಇದರ ತಾಯಿ ಹನ್ನೊಂದು ವರ್ಷ ನನ್ನ ಜೊತೆಗಿತ್ತು ಮೇಡಂ. ಹೆತ್ತ ಕೂಡಲೇ ಹೋಯ್ತು. ಇದೊಂದೇ ಉಳ್ಕೊಂಡಿದ್ದು. ರೈಲು ಹತ್ತಿದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

ಸಾಕ್ಷಿಯಿಲ್ಲದೆ ಕೋಟಿನವನನ್ನು ತಡೆಯುವ ಹಾಗಿರಲಿಲ್ಲ. ರೈಲಿಗೆ ಇನ್ನೆರಡು ಗಂಟೆ ಇತ್ತು. ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು.

*

ಡಾಕ್ಟರಮ್ಮನ ಆಸ್ಪತ್ರೆಗೆ ಬೀಗ. ಬಾಗಿಲಿನ ಮೇಲೆ ಫೋನ್ ನಂಬರು ಇತ್ತು. ಕರೆ ಹೋಯಿತು, ಯಾರೂ ಎತ್ತಲಿಲ್ಲ. ಊರ ಹೊರಗೆ ಹಸುವೊಂದಕ್ಕೆ ಹೆರಿಗೆ ಕಷ್ಟವಾಗಿದೆ, ಬೆಳಿಗ್ಗೆಯೇ ಹೋದರು ಎಂದು ಎದುರಿನ ಔಷಧಿ ಅಂಗಡಿಯವರು ಹೇಳಿದರು.

ಇನ್‌ಸ್ಪೆಕ್ಟರ್ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದರು. ಉಕ್ಕಿನ ಮೇಜು, ತೂಕದ ಯಂತ್ರ, ಒಂದು ಬೆಂಚು. ಬೆಂಚಿನ ಎದುರು ಗೋಡೆಯ ಮೇಲೆ ಬಣ್ಣದ ದೊಡ್ಡ ಪಟ. ಎಡಕ್ಕೆ ನಾಯಿ, ಬಲಕ್ಕೆ ಬೆಕ್ಕು. ನಾಯಿಯ ಕೆಳಗೆ ಬರೆದದ್ದನ್ನು ಓದಿದರು. ಆರನೇ ವಾರ. ಒಂಬತ್ತನೇ ವಾರ, ಜೊತೆಗೆ ಮೂಗಿಗೆ ಹನಿ. ಹನ್ನೆರಡನೇ ವಾರ, ಜೊತೆಗೆ ಹುಚ್ಚುನಾಯಿ ರೋಗದ್ದು.

ಕೋಟಿನವನು ಹೇಳಿದ್ದಕ್ಕೂ ಇದಕ್ಕೂ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಅವನು ನಿಜ ಹೇಳಿದ್ದರೂ ಹೀಗೆಯೇ ಇರಬೇಕಲ್ಲ ಎಂದುಕೊಂಡು ತಿರುಗುವಷ್ಟರಲ್ಲಿ ಪಟದ ಕೆಳಗಿನ ಅಂಚು ಕಣ್ಣಿಗೆ ಬಿತ್ತು. ಅದು ಇನ್ನೂ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ಕೊಳವೆಯಿಂದ ಈಗಷ್ಟೇ ತೆಗೆದ ಕಾಗದ ಹಾಗಿರುತ್ತದೆ. ಹಳೆಯದಾದರೆ ನೆಟ್ಟಗಾಗುತ್ತದೆ.

ಆಗ ಫೋನ್ ಮೊಳಗಿತು.

"ಹೆಣ್ಣು ಕರು," ಎಂದರು ಡಾಕ್ಟರಮ್ಮ, ನಮಸ್ಕಾರಕ್ಕೂ ಮೊದಲೇ. ದನಿಯಲ್ಲಿ ಸುಸ್ತೂ ಸಂತೋಷವೂ ಇತ್ತು.

ಇನ್‌ಸ್ಪೆಕ್ಟರ್ ವಿಷಯ ಹೇಳಿದರು. ನಾಲ್ಕನೇ ವಾರಕ್ಕೆ ಚುಚ್ಚುಮದ್ದು ಹಾಕುವುದುಂಟಾ ಎಂದು ಕೇಳಿದರು.

"ಎಲ್ಲಾ ಮರಿಗೂ ಹಾಕಲ್ಲ. ತಾಯಿಯ ಮೊದಲ ಹಾಲಲ್ಲಿ ಒಂದು ರಕ್ಷಣೆ ಇರುತ್ತೆ. ಅದು ರೋಗಾನೂ ತಡೆಯುತ್ತೆ, ಲಸಿಕೆಗೂ ಕೆಲಸ ಮಾಡೋಕೆ ಬಿಡಲ್ಲ. ಅದು ಇಳಿಯೋವರೆಗೆ ಕಾಯ್ಬೇಕು. ಯಾವ ಮರಿಗೆ ಯಾವಾಗ ಇಳಿಯುತ್ತೋ ಹೇಳೋಕಾಗಲ್ಲ, ಅದಕ್ಕೇ ಮತ್ತೆ ಮತ್ತೆ ಹಾಕೋದು. ಇಸ್ತ್ರಿ ಅಕ್ಕನ ಮರಿ ಆ ಹಾಲು ಒಂದು ಹನಿನೂ ಕುಡಿದಿಲ್ಲ. ಇನ್ಯಾವುದಕ್ಕೆ ಕಾಯ್ಲಿ? ಬೇಗ ಶುರು ಮಾಡಿದೆ."

ಪೇದೆ ನಕ್ಕಿದ್ದು ಇನ್‌ಸ್ಪೆಕ್ಟರ್‌ಗೆ ನೆನಪಾಯಿತು. ಅಕ್ಕ ಹೇಳಿದ್ದು ಅಕ್ಷರಶಃ ನಿಜ, ಯಾಕೆಂದು ವಿವರಿಸಲು ಮಾತ್ರ ಬಂದಿರಲಿಲ್ಲ.

"ಮತ್ತೆ ಗೋಡೆ ಮೇಲಿನ ಪಟ?"

"ಅದು ಔಷಧಿ ಕಂಪನಿಯವರದು. ಮೂಗಿನ ಹನಿಯ ಜೊತೆ ಗುರುವಾರ ಬಂತು. ಅದಕ್ಕೆ ಮುಂಚೆ ಆ ಹನಿ ನನ್ನ ಹತ್ತಿರ ಇರ್ಲೇ ಇಲ್ಲ. ಪಟ ಗೋಡೆ ಮೇಲಿರುತ್ತೆ ಮೇಡಂ, ಮರಿ ಮೇಜಿನ ಮೇಲಿರುತ್ತೆ. ನಾನು ಮೇಜು ನೋಡಿ ಹಾಕೋದು. ಮನೆ ಬಿಟ್ಟು ಕದಲದ ಬೆಕ್ಕಿಗೂ ಬೀದಿ ಅಲೆಯೋ ಬೆಕ್ಕಿಗೂ ಒಂದೇ ಲೆಕ್ಕ ಆಗುತ್ತಾ?"

ಇನ್‌ಸ್ಪೆಕ್ಟರ್‌ಗೆ ನಿಂತಲ್ಲೇ ನಗು ಬಂತು. ಇನ್ನೊಂದೇ ಪ್ರಶ್ನೆ ಕೇಳಿದರು. ಇತ್ತೀಚೆಗೆ ಕೋಟು ತೊಟ್ಟವನೊಬ್ಬ ಬಂದಿದ್ದನಾ? ಹೌದು ಎಂದರು ಡಾಕ್ಟರಮ್ಮ. ಶುಕ್ರವಾರ ಬಂದಿದ್ದ. ನಾಯಿ ತಂದಿರಲಿಲ್ಲ. ಪಟದ ಎದುರಿನ ಬೆಂಚಿನ ಮೇಲೆ ಇಸ್ತ್ರಿ ಅಕ್ಕನ ಪಕ್ಕದಲ್ಲೇ ಕೂತಿದ್ದ, ಅಕ್ಕನ ಕಣ್ಣು ಮಾತ್ರ ಮರಿಯ ಮೇಲೇ ಇತ್ತು, ಅವನತ್ತ ತಿರುಗಲೂ ಇಲ್ಲ. ಮರಿಗೆ ಒಂದೇ ಚುಚ್ಚುಮದ್ದು ಸಾಕಾ ಎಂದು ಕೇಳಿದ, ಸಾಲದು ಎಂದದ್ದಕ್ಕೆ ಮುಖ ಬಾಡಿಸಿಕೊಂಡು ಹೋದ.

*

ಠಾಣೆಯಲ್ಲಿ ಕೋಟಿನವನು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ಮರಿ ಬೆಂಚಿನ ಕೆಳಗೆ ಮಲಗಿತ್ತು.

ಇನ್‌ಸ್ಪೆಕ್ಟರ್ ಮೊದಲು ಪೇದೆಯ ಕಿವಿಯಲ್ಲಿ ನಾಲ್ಕನೇ ವಾರದ ಕಾರಣ ಹೇಳಿದರು. ಆಮೇಲೆ ಕೋಟಿನವನತ್ತ ತಿರುಗಿ, ಮರಿ ಎಷ್ಟು ದಿನ ತಾಯಿಯ ಹಾಲು ಕುಡಿಯಿತು ಎಂದು ಕೇಳಿದರು. ತುಂಬಾ ದಿನ, ಬೇರೆ ಯಾವ ಹಾಲನ್ನೂ ತೋರಿಸಿದ್ದೇ ಇಲ್ಲ ಎಂದ. ಮೂಗಿಗೆ ಹನಿ ಹಾಕಿಸಿದ್ದು ಯಾವಾಗ ಎಂದು ಕೇಳಿದರು. ಮೂರು ವಾರದ ಹಿಂದೆ, ಡಾಕ್ಟರಮ್ಮನೇ ಹಾಕಿದರು ಎಂದ.

"ಆ ಹನಿ ಈ ಊರಿಗೆ ಬಂದಿದ್ದೇ ಗುರುವಾರ," ಎಂದರು ಇನ್‌ಸ್ಪೆಕ್ಟರ್.

ಅವನು ಮತ್ತೆ ಗಡಿಯಾರ ನೋಡಿದ. ಎಲ್ಲೋ ದಿನ ತಪ್ಪಿರಬೇಕು ಎಂದ. ದಿನ ತಪ್ಪಿದರೂ ಮರಿ ತನ್ನದೇ ಎಂದ.

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಖಾಲಿ ಲೋಟ ತೆಗೆದುಕೊಂಡು ಚಮಚ ಹಾಕಿ ತಿರುಗಿಸಿದರು. ಕಿಣಿ ಕಿಣಿ ಎಂದಿತು. ಬೆಂಚಿನ ಕೆಳಗಿನಿಂದ ಮರಿ ಎದ್ದುಬಿದ್ದು ಓಡಿ ಬಂತು, ಮುಖ ಮೇಲೆತ್ತಿ ಕೂತಿತು, ಬಾಯಿಗೆ ಸಿಕ್ಕ ಬಟ್ಟೆ ಚೀಪಿತು. ಈ ಸಲ ಅದು ಇನ್‌ಸ್ಪೆಕ್ಟರ್ ಪ್ಯಾಂಟು.

"ಅಕ್ಕಾ, ನೀವು ಇದಕ್ಕೆ ಹಾಲು ಹೇಗೆ ಕೊಡ್ತಿದ್ರಿ?"

"ಹಾಲಿನ ಪುಡಿ ಲೋಟಕ್ಕೆ ಹಾಕಿ ಚಮಚದಲ್ಲಿ ಕಲಸ್ತಿದ್ದೆ ಮೇಡಂ. ಬಟ್ಟೆ ತುದಿ ಅದ್ದಿ ಬಾಯಿಗಿಡ್ತಿದ್ದೆ. ಹಗಲೂ ರಾತ್ರಿ ಅದೇ."

ತಾಯಿಯ ಹಾಲು ಕುಡಿದು ಬೆಳೆದ ಮರಿಗೆ ಚಮಚದ ಸದ್ದು ಏನೂ ಅಲ್ಲ. ಇದಕ್ಕೆ ಅದೇ ತಾಯಿಯ ದನಿ. ಪೇದೆ ತನ್ನ ಒದ್ದೆಯಾದ ಪ್ಯಾಂಟಿನ ಅಂಚನ್ನೇ ನೋಡುತ್ತಾ ನಿಂತ. ಅಂದು ಅವನಿಗೆ ಗೊತ್ತಿಲ್ಲದಿದ್ದ ಎರಡನೆಯ ವಿಷಯ ಗೊತ್ತಾಯಿತು.

ಕೋಟಿನವನು ಕುಸಿದ. ಒಂದೊಂದೇ ಹೊರಬಂತು. ಫೋಟೊದಲ್ಲಿದ್ದ ಮರಿಗಳು ಅವನವೇ. ಕೊಳ್ಳುವವರಿಗೆ ಮಾತು ಕೊಟ್ಟಾಗಿತ್ತು. ಅಷ್ಟರಲ್ಲಿ ನಾಲ್ಕೂ ವಾಂತಿ, ರಕ್ತಭೇದಿಯಾಗಿ ಒಂದರ ಹಿಂದೆ ಒಂದು ಸತ್ತವು.

"ಆರನೇ ವಾರಕ್ಕೆ ಒಂದು ಹಾಕಿಸಿದ್ದೆ ಮೇಡಂ. ಸಾಕು ಅಂದ್ಕೊಂಡೆ," ಎಂದ. ಅವನ ಕಣ್ಣಲ್ಲಿ ನೀರು ನಿಜವಾಗಿಯೇ ಇತ್ತು. ಆ ನೀರಿಗೆ ತಂತಿ ಕತ್ತರಿಸಿದ ತಪ್ಪು ತೊಳೆದು ಹೋಗಲಿಲ್ಲ.

ಇಸ್ತ್ರಿ ಅಕ್ಕ ಮರಿಯನ್ನು ಎತ್ತಿ ಎದೆಗೊತ್ತಿಕೊಂಡಳು. ಆಮೇಲೆ ಕೇಳಬಾರದ ಪ್ರಶ್ನೆ ಕೇಳಿದಳು.

"ಆ ಮರಿಗಳನ್ನ ಯಾವ ಬುಟ್ಟಿಲಿ ಇಟ್ಟಿದ್ದೆ?"

ಅವನು ತನ್ನ ತೊಡೆಯ ಮೇಲಿದ್ದ ಬುಟ್ಟಿಯನ್ನು ನೋಡಿದ. ಮೆಲ್ಲಗೆ ಅದನ್ನು ನೆಲಕ್ಕಿಳಿಸಿದ.

*

ಡಾಕ್ಟರಮ್ಮ ರಬ್ಬರ್ ಬೂಟಿನಲ್ಲೇ ಬಂದರು. ಆ ರೋಗದ ಹೆಸರು ಪಾರ್ವೊ, ಅದು ಬುಟ್ಟಿಯಲ್ಲೂ ಬಟ್ಟೆಯಲ್ಲೂ ಬಹಳ ಕಾಲ ಉಳಿಯುತ್ತದೆ ಎಂದರು. ಬುಟ್ಟಿಯನ್ನು ಸುಡಿಸಿದರು. ಮರಿಯ ಕಣ್ಣು, ವಸಡು, ಹೊಟ್ಟೆ ನೋಡಿದರು. ಮೂರು ಸಲ ಲಸಿಕೆ ಆಗಿದೆ, ಅದನ್ನು ತಡೆಯುವ ಹಾಲೂ ಇರಲಿಲ್ಲ, ಲಸಿಕೆ ಕೆಲಸ ಮಾಡಿರಬೇಕು ಎಂದರು. ಆದರೂ ಎರಡು ವಾರ ಕಾಯಬೇಕು, ಹಾಲು ಬಿಟ್ಟರೆ ಕೂಡಲೇ ಕರೆಯಿರಿ ಎಂದರು.

ಮಾರನೆಯ ದಿನದಿಂದ ಇನ್‌ಸ್ಪೆಕ್ಟರ್‌ಗೆ ಇದ್ದಕ್ಕಿದ್ದಂತೆ ದಿನವೂ ಇಸ್ತ್ರಿಯ ಕೆಲಸ ಬಿತ್ತು. ಬೆಳಿಗ್ಗೆ ಠಾಣೆಗೆ ಹೋಗುವ ಮುನ್ನ ಒಂದು ಅಂಗಿ ಹಿಡಿದು ಆ ಬೀದಿಗೆ ಬರುವರು. ಅಂಗಡಿಯ ಒಳಗಿನಿಂದ ಲೋಟದ ಕಿಣಿ ಕಿಣಿ ಕೇಳುವುದು. ಮರಿ ಹಾಲು ಕುಡಿಯುತ್ತಿದೆ ಎಂದು ಅವರ ಮನಸ್ಸು ಹಗುರಾಗುವುದು. ಏನನ್ನೂ ಕೇಳದೆ ಅಂಗಿ ಕೊಟ್ಟು ಹೋಗುವರು. ಹೆಂಡತಿಗೆ ಇಷ್ಟೊಂದು ಅಂಗಿ ಎಲ್ಲಿಂದ ಬಂತೆಂದು ಗಂಡ ತಲೆ ಕೆರೆದುಕೊಂಡ. ಕೊನೆಗೆ ಅವನ ಅಂಗಿಗಳೂ ಬೀದಿಗೆ ಬಂದವು.

ಎರಡು ವಾರ ಮುಗಿಯುವ ದಿನ ಬಂತು. ಇನ್‌ಸ್ಪೆಕ್ಟರ್ ಅಂಗಡಿಯ ಮುಂದೆ ನಿಂತರು. ಸದ್ದಿಲ್ಲ. ಇನ್ನೂ ಸ್ವಲ್ಪ ನಿಂತರು. ಸದ್ದೇ ಇಲ್ಲ. ಅಂಗಿಯನ್ನು ಎದೆಗೆ ಅವುಚಿಕೊಂಡರು. ಎಷ್ಟೋ ಕಳ್ಳರ ಮನೆಗೆ ನುಗ್ಗಿದವರಿಗೆ ಆ ಹೊಸ್ತಿಲು ದಾಟಲು ಕಾಲು ಬರಲಿಲ್ಲ.

"ಬನ್ನಿ ಮೇಡಂ, ಯಾಕೆ ಹೊರಗೇ ನಿಂತ್ರಿ?" ಎಂದಳು ಇಸ್ತ್ರಿ ಅಕ್ಕ.

"ಚಮಚದ ಸದ್ದು ಕೇಳ್ಲಿಲ್ಲ."

"ಹಾಲು ಬಿಡಿಸಿಬಿಟ್ಟೆ. ಇವತ್ತಿಂದ ಗಟ್ಟಿ ಊಟ."

ಮೇಜಿನ ಕೆಳಗೆ ತಟ್ಟೆಯೊಂದು ನೆಲವೆಲ್ಲ ಓಡಾಡುತ್ತಿತ್ತು. ತಟ್ಟೆಯ ಹಿಂದೆ ಇದ್ದಿಲು ಓಡಾಡುತ್ತಿತ್ತು. ಮೂಗಿನ ಮೇಲೆಲ್ಲ ಊಟ ಮೆತ್ತಿಕೊಂಡಿತ್ತು. ಕಿಟಕಿಯ ಹಗ್ಗದಲ್ಲಿ ಚುಚ್ಚುಮದ್ದಿನ ಹೊಸ ಕಾರ್ಡು, ಯಾವ ಜೇಬಿಗೂ ಎಟುಕದಷ್ಟು ಎತ್ತರದಲ್ಲಿ, ಬಟ್ಟೆಯ ಕ್ಲಿಪ್ಪಿನಲ್ಲಿ ತೂಗುತ್ತಿತ್ತು. ಇನ್‌ಸ್ಪೆಕ್ಟರ್ ಅಲ್ಲೇ ಬಟ್ಟೆಯ ಗಂಟಿನ ಮೇಲೆ ಕೂತರು. ಸದ್ಯ, ಉಳಿಯಿತಲ್ಲ ಎಂದರು. ಹೇಳುತ್ತಾ ಕಣ್ಣೊರೆಸಿಕೊಂಡರು.

"ಆ ಅಂಗಿ ಕೊಡಿ ಮೇಡಂ," ಎಂದಳು ಅಕ್ಕ. ಕೈಗೆ ತಗೊಂಡು ನೋಡಿ ನಕ್ಕಳು. "ಇದನ್ನ ನಿನ್ನೆ ತಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ."